ನಾಲ್ಕು ದಿನದ ನೀರು

ವಿಚಾರಣೆ ನಡೆಯಬೇಕಾಗಿದ್ದು ಮಂಡಲ ಪಂಚಾಯತಿಯ ಪ್ರಧಾನರ ಮೇಲೆ. ಸಾಕ್ಷಿಗಳನ್ನು ಕರೆಯುವ ನೋಟೀಸಿಗೆ ಸಹಿ ಮಾಡಿದವರೂ ಪ್ರಧಾನರೇ. ಕಾಗದ ಅವರ ಕಚೇರಿಯಿಂದಲೇ ಹೊರಡಬೇಕಿತ್ತು. ಓಲೆ ಮುಟ್ಟಿಸುವ ವಾಲಿಕಾರ ಹುಲಿಗೆಪ್ಪ ಅದನ್ನು ತಂದು ದುಂಡವ್ವನ ಕಟ್ಟೆಯ ಮೇಲಿಟ್ಟ.

"ಏನ್ ಬರದೈತೋ ಅದರಾಗ?"

"ನನ್ನ ಮ್ಯಾಲೆ ಎನ್‌ಕ್ವಾಯರಿ ಐತಿ, ತಪ್ಪದ ಬರ್ರಿ ಅಂತ ಪ್ರಧಾನರು ಬರದಾರ್ರಿ. ಮದುವಿ ಕರೆ ಇದ್ದಾಂಗ ಐತಿ."

"ಮದುಮಗ ಯಾರಲೇ?"

"ನೀವ ಹೇಳಬೇಕರಿ. ನೀವು ಮೆಂಬರು, ನಾ ಬರೇ ವಾಲಿಕಾರ."

ದುಂಡವ್ವ ಮೆಂಬರಾಗಿ ವರ್ಷ ಕಳೆದಿತ್ತು. ಎಂಬತ್ತೇಳರ ಚುನಾವಣೆಯಲ್ಲಿ ಹೆಂಗಸರ ಜಾಗಕ್ಕೆ ಒಬ್ಬ ಹೆಂಗಸು ಬೇಕಾಗಿದ್ದಳು. ಶಂಭುಲಿಂಗಪ್ಪ ಈ ಕುರುಬರ ವಿಧವೆಯನ್ನು ನಿಲ್ಲಿಸಿ ಗೆಲ್ಲಿಸಿದ, ತಾನು ಪ್ರಧಾನನಾದ. ಅವನು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುವುದೇ ಅವಳ ಮೆಂಬರಿಕೆ. ಒಂದು ಒತ್ತಿನ ಹೊರತು ಉಳಿದ ಯಾವುದೂ ಅವಳಿಗೆ ನೆನಪಿರಲಿಲ್ಲ.

ನವಲಗುಂದದ ಕಡೆಯ ಆ ಎರೆಮಣ್ಣಿನ ಊರಿನಲ್ಲಿ ಎಲ್ಲಿ ಬಾವಿ ತೋಡಿದರೂ ಸವಳು. ನಾಲ್ಕು ನೂರು ಮನೆ ಕುಡಿಯುವುದು ಒಂದೇ ಕೆರೆಯ ನೀರು. ಕೆರೆ ಕಾಯುತ್ತಿದ್ದವನು ಗುಡದಪ್ಪ. ಹಗಲೆಲ್ಲ ಏರಿಯ ಮೇಲೆ ಕೂತು, "ಕಾಲ್ ತೊಳಿಬ್ಯಾಡ್ರಿ ಬೇ, ಕುಡಿಯೂ ನೀರು" ಎಂದು ಕೂಗುತ್ತಿದ್ದ. ಚುನಾವಣೆಯಾದ ವರ್ಷವೇ ಶ್ರಾವಣದಲ್ಲಿ ಮಳೆ ತಡವಾಯಿತು. ಒಂದು ರಾತ್ರಿ ತನ್ನ ಮೆಣಸಿನ ಹೊಲಕ್ಕೆ ನೀರು ಕದ್ದು ಹರಿಸಲು ಶಂಭುಲಿಂಗಪ್ಪ ಅವನನ್ನು ಕೆರೆಗಿಳಿಸಿದ. ತೂಬಿನ ಕಲ್ಲು ಸರಿಸುವಾಗ ಗುಡದಪ್ಪನ ಕೈ ಸಿಕ್ಕಿಕೊಂಡಿತು. ಗುಳ್ಳೆ ನಿಲ್ಲುವ ತನಕ ಏರಿಯ ಮೇಲೆ ನಿಂತಿದ್ದು ಪ್ರಧಾನ ಮನೆಗೆ ಹೋದ. ಸತ್ತನೆಂದು ಹೇಳಿದರೆ ಯಾಕೆ ಮುಳುಗಿದ್ದನೆಂದೂ ಹೇಳಬೇಕಿತ್ತು.

ಗುಡದಪ್ಪ ಹೆಂಡತಿಯ ತವರಿಗೆ ಹೋಗಿರಬೇಕೆಂದುಕೊಂಡು ನಾಲ್ಕು ದಿನ ಊರು ಅದೇ ನೀರು ಕುಡಿಯಿತು. ಐದನೆಯ ದಿನ ಎಲ್ಲರಿಗಿಂತ ಮೊದಲು ಕೊಡ ಹಿಡಿದು ಹೋದವಳು ದುಂಡವ್ವ. ಹೆಣ ಮೇಲೆ ಬಂದಿತ್ತು. ಅವಳು ಓಡಿದ್ದು ಪ್ರಧಾನನ ಮನೆಗೆ. ಅಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಎಲ್ಲ ಹೇಳಿ, ಕಡೆಗೆ ಒಂದು ಮಾತು ಕೇಳಿದ.

"ಊರಿಗೆ ಗೊತ್ತಾದರ ಊರು ಎಲ್ಲಿ ನೀರು ಕುಡಿಬೇಕು ದುಂಡಕ್ಕ?"

ಊರು ಏಳುವ ಮೊದಲೇ ಅವನು ಹೆಣವನ್ನು ಹೊಲಕ್ಕೆ ಸಾಗಿಸಿದ. ಹೊಲದಲ್ಲಿ ಮೂರ್ಛೆ ಬಿದ್ದು ಸತ್ತನೆಂಬ ಪಂಚನಾಮೆಗೆ ಅವಳು ಹೆಬ್ಬೆಟ್ಟು ಒತ್ತಿದಳು, ಇನ್ನೊಬ್ಬ ಮೆಂಬರ ಮೀರಾಸಾಬ ಸಹಿ ಹಾಕಿದ. ಗುಡದಪ್ಪನ ಹೆಂಡತಿ ಫಕೀರವ್ವ ತವರು ಬಮ್ಮಿಗಟ್ಟಿಯಿಂದ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಅಂದಿನಿಂದ ದುಂಡವ್ವ ನೀರನ್ನು ನಾಲ್ಕು ಪದರಿನ ಅರಿವೆಯಲ್ಲಿ ಸೋಸಿದಳು, ಕಾಸಿದಳು, ಪಟಿಕ ತಿರುವಿದಳು. ನಾಲಿಗೆಯ ಮೇಲಿನ ಲೋಳೆ ಹೋಗಲಿಲ್ಲ. ಬಾಣಂತಿಯರು ಕೂಸಿಗೆ ಒಳಲೆಯಲ್ಲಿ ನೀರು ಹಾಕುವಾಗ ಎದ್ದು ಹೊರಗೆ ಬರುತ್ತಿದ್ದಳು. ಕೊಡ ಮುಳುಗಿಸಿದರೆ ಸಾಕು, ಏರಿಯ ಮೇಲಿಂದ ಅದೇ ಕೂಗು. ತಿರುಗಿ ನೋಡಿದರೆ ಯಾರೂ ಇಲ್ಲ. ಬೇರೆ ಹೆಂಗಸರಿಗೆ ಕೇಳಿಸುವುದಿಲ್ಲವೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಫಕೀರವ್ವ ಸುಮ್ಮನೆ ಕೂಡಲಿಲ್ಲ. ಗಂಡನಿಗೆ ಎಂದೂ ಮೂರ್ಛೆ ಬಂದದ್ದಿಲ್ಲ. ಕುಡಿದು ಬಿದ್ದ ಎಂದರು ಕೆಲವರು, ದೆವ್ವ ಬಡಿಯಿತು ಎಂದರು ಕೆಲವರು. ಕುಣಿ ತೋಡಿದವನು ಮಾತ್ರ, "ಅಂಗಾಲು ಅಗಸನ ಕೈ ಹಂಗ ಬೆಳ್ಳಗ ಸುಕ್ಕ ಬಿದ್ದಿದ್ವು" ಎಂದ. ಆ ಒಂದು ಮಾತು ಹಿಡಿದು ಅವಳು ಧಾರವಾಡಕ್ಕೆ ಅರ್ಜಿ ಬರೆಸಿದಳು.

ವಿಚಾರಣೆಗೆ ಬಂದ ಸಾಹೇಬರು ಮೈಸೂರು ಕಡೆಯವರು. ಪಂಚಾಯತಿ ಕೋಣೆಯಲ್ಲಿ ಕೂತು, ಪ್ರಧಾನರು ಹೊರಗಿರಬೇಕು ಎಂದರು.

"ಆಗಲ್ರಿ ಸಾಹೇಬ್ರ." ಶಂಭುಲಿಂಗಪ್ಪ ಎದ್ದ. ತಲೆಗೆ ಸುತ್ತಿದ್ದ ಪಟಗ ತೆಗೆದು ತನ್ನ ಕುರ್ಚಿಯ ಮೇಲಿಟ್ಟು, ಬೋಳುತಲೆಯಲ್ಲಿ ಹೊರಗೆ ಹೋದ. ಸೆಕೆಗೆ ತೆಗೆದನೆಂದು ಸಾಹೇಬರು ತಿಳಿದರು.

ಊರಿನವರು ಹಾಗೆ ತಿಳಿಯಲಿಲ್ಲ. ಆ ಕಡೆ ದೊಡ್ಡ ಮನುಷ್ಯ ಮದುವೆಯ ನಿಶ್ಚಯಕ್ಕೆ ಬರಲಾಗದಿದ್ದರೆ ಪಟಗ ಕಳಿಸುತ್ತಾನೆ. ಅದನ್ನು ಗಾದಿಯ ಮೇಲಿಟ್ಟು ಮೊದಲ ಎಲೆ ಅಡಿಕೆ ಅದಕ್ಕೇ ಕೊಡುತ್ತಾರೆ. ಪಟಗ ಇದ್ದಲ್ಲಿ ಅವನು ಇದ್ದಾನೆ. ಮೀರಾಸಾಬ ಕುರ್ಚಿ ನೋಡಿ, "ಮೂರ್ಛಿನ ಸಾಹೇಬ್ರ" ಎಂದ. ಹುಲಿಗೆಪ್ಪನೂ ಅದನ್ನೇ ಹೇಳಿದ. ಏಳು ಮಂದಿ ಹೇಳಿ, ಏಳೂ ಮಂದಿ ಹೋಗುವಾಗ ಕುರ್ಚಿಗೆ ಬಗ್ಗಿ ಕೈ ಮುಗಿದರು. ಸಾಹೇಬರು ಏಳು ಸಲವೂ ತಿರುಗಿ ನಮಸ್ಕರಿಸಿದರು.

ಎಂಟನೆಯವಳು ದುಂಡವ್ವ. ಬಾಗಿಲ ಬಳಿ ಫಕೀರವ್ವ ಕೂತಿದ್ದಳು.

"ಈ ಹೆಬ್ಬೆಟ್ಟು ನಿಮ್ಮದೇನಮ್ಮ?"

ಅವಳು ಸೆರಗಿನ ತುದಿಯಿಂದ ಒಣಗಿದ ತುಟಿ ಒರೆಸಿಕೊಂಡಳು. ಸಾಹೇಬರು ನೀರು ತರಿಸಿ ಅವಳ ಮುಂದೆ ಇಡಿಸಿದರು. ಅವಳು ಮುಟ್ಟಲಿಲ್ಲ. ಅವರು ತಮ್ಮ ಲೋಟ ಎತ್ತಿ ಬಾಯಿಗೆ ಹಿಡಿದರು.

"ಕುಡೀಬ್ಯಾಡ್ರಿ ಸಾಹೇಬ್ರ!"

ಸಾಹೇಬರು ಲೋಟ ಇಳಿಸಿದರು. ಒಂದು ಮಾತು ಬಾಯಿಂದ ಬಿದ್ದ ಮೇಲೆ ಉಳಿದದ್ದನ್ನು ಹಿಡಿದಿಡಲು ದುಂಡವ್ವನಿಗೆ ಬರಲಿಲ್ಲ. ಆದರೆ ಬೆನ್ನ ಹಿಂದೆ ಆಡಿದಳು ಎನ್ನಿಸಿಕೊಳ್ಳುವವಳಲ್ಲ ಅವಳು. ಸೆರಗು ಹೊದ್ದು, ಸಾಹೇಬರಿಗೆ ಮಗ್ಗುಲಾಗಿ, ಪಟಗಕ್ಕೆ ಮುಖ ಮಾಡಿ ನಿಂತಳು.

"ಅಣ್ಣಾರ, ನಿಮ್ಮ ಇದಿರಿಗೇ ಹೇಳತೀನಿ. ತಪ್ಪಿದ್ದರ ಇಲ್ಲೇ ತಡೀರಿ."

ಮೆಣಸಿನ ಹೊಲ, ತೂಬು, ನಾಲ್ಕು ದಿನ, ಹೆಬ್ಬೆಟ್ಟು, ಎಲ್ಲ ಹೇಳಿದಳು. ಪಟಗ ತಡೆಯಲಿಲ್ಲ. ಗುಮಾಸ್ತ ಬರೆದುಕೊಂಡ. ಫಕೀರವ್ವ ಅಳಲಿಲ್ಲ. ನೆಲಕ್ಕೆ ಅಂಗೈ ಊರಿ ಎದ್ದು ಹೊರಗೆ ಹೋದಳು.

ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಜನ ಮನೆ ಮುಂದೆ ವಾಂತಿ ಮಾಡುತ್ತಿದ್ದರು. ಒಂದು ವರ್ಷದ ಹಿಂದಿನ ನೀರು ಯಾರ ಹೊಟ್ಟೆಯಲ್ಲೂ ಇರಲಿಲ್ಲ, ಆದರೂ ಮಾಡಿದರು. ಮೂರು ದಿನ ಸವಳು ಬಾವಿಗೆ ಹೋದರು, ಹುಡುಗರಿಗೆ ಭೇದಿ ಹಿಡಿಯಿತು. ನಾಲ್ಕನೆಯ ದಿನ ಎಲ್ಲರೂ ಕೊಡ ಹಿಡಿದು ಕೆರೆಗೆ ಬಂದರು. ದುಂಡವ್ವನೂ ಬಂದಳು. ಕೆರೆಗಿಳಿಯುವ ಪಾವಟಿಗೆಯ ಮೇಲೆ ಮುದುಕಿ ಶಿವಗಂಗವ್ವ ಕೊಡ ಅಡ್ಡ ಹಿಡಿದಳು.

"ಗೊತ್ತಿಲ್ದ ಕುಡದಿದ್ವಿ, ಪಾಪ ಇರಲಿಲ್ಲ. ಈಗ ಗೊತ್ತಿದ್ದು ಕುಡಿಯೂ ಹಂಗ ಮಾಡಿದಾಕಿ ನೀನು. ಇಳೀಬ್ಯಾಡ."

"ಹೆಣ ಮುಚ್ಚಿಟ್ಟವ ಅವ ಯವ್ವಾ."

"ಮುಚ್ಚಿಟ್ಟಿದ್ದ. ನೀ ತಗದಿ."

ಕಚೇರಿಯ ಕೆಲಸವೂ ನಡೆಯಿತು. ಅಧಿಕಾರದಲ್ಲಿದ್ದ ಪ್ರಧಾನರ ಮೇಲೆ ಖಟ್ಲೆ ಹೂಡಲು ಸರಕಾರದ ಅಪ್ಪಣೆ ಬೇಕು, ಕಾಗದ ಬೆಂಗಳೂರಿಗೆ ಹೋಗಿದೆ ಎಂದರು. ಸುಳ್ಳು ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದವಳ ಮೇಲೆ ಹೂಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ತಪ್ಪು ಒಪ್ಪಿಕೊಂಡಿದ್ದವಳೂ ಅವಳೊಬ್ಬಳೇ. ನವಲಗುಂದದ ಕೋರ್ಟಿಗೆ ಬಾ ಎಂಬ ಸಮನ್ಸು ಬಂತು. ಶಂಭುಲಿಂಗಪ್ಪ ಪಟಗ ಸುತ್ತಿಕೊಂಡು ದಿನಾ ಕಚೇರಿಗೆ ಹೋಗುತ್ತಿದ್ದ.

ಸಮನ್ಸು ಬಂದ ಮಧ್ಯಾಹ್ನ ದುಂಡವ್ವನ ಮನೆಯಲ್ಲಿ ಹನಿ ನೀರಿರಲಿಲ್ಲ. ಫಕೀರವ್ವ ಕೆರೆಯಲ್ಲಿ ತುಂಬಿದ ಕೊಡ ಹೊತ್ತು ಒಳಗೆ ಬಂದಳು. ಇಳಿಸಿದಳು. ಕೇಳದೆ ತಾನೇ ತಂಬಿಗೆ ಹುಡುಕಿ, ಮುಳುಗಿಸಿ ತುಂಬಿದಳು.

"ಸೋಸಿಲ್ಲ" ಎಂದಳು.

"ಫಕೀರವ್ವ..."

"ನಾ ದಿನಾ ಹಿಂಗ ಕುಡೀತೀನಿ. ನೀನೂ ಕುಡಿ."

ದುಂಡವ್ವ ತಂಬಿಗೆ ಎತ್ತಿದಳು. ಅದು ಬರಿದಾಗುವ ತನಕ ಫಕೀರವ್ವ ಅವಳ ಗಂಟಲನ್ನೇ ನೋಡುತ್ತ ನಿಂತಿದ್ದಳು.