ಇಪ್ಪತ್ತೆರಡನೆಯ ಬೋಲ್ಟು

ಮೇಸ್ತ್ರಿಗೆ ಊರವರು ಇಟ್ಟ ಹೆಸರು ಕೈಯಳತೆ. ಬೋಲ್ಟು ಎಷ್ಟು ಬಿಗಿಯಾಯಿತೆಂದು ಅಳೆದು ಹೇಳುವ ಸ್ಪ್ಯಾನರ್ ಒಂದು ಅವನ ಗ್ಯಾರೇಜಿನ ಗೋಡೆಯಲ್ಲಿ ಪೆಟ್ಟಿಗೆ ಸಮೇತ ನೇತಾಡುತ್ತಿತ್ತು. ಅದನ್ನು ಅವನು ಮುಟ್ಟಿದ್ದನ್ನು ಕಂಡವರಿಲ್ಲ. "ನನ್ನ ಮಣಿಕಟ್ಟಿಗಿಂತ ಅದಕ್ಕೇನು ಹೆಚ್ಚು ಗೊತ್ತು?" ಎಂದು ಕೇಳುತ್ತಿದ್ದ, ಕೇಳುವಾಗ ಮಣಿಕಟ್ಟನ್ನು ತಿರುಗಿಸಿಯೂ ತೋರಿಸುತ್ತಿದ್ದ. ಜಂಬ ಅಂದರೆ ಜಂಬ.

ಅಂಥವನು ಆ ಬೆಳಿಗ್ಗೆ ತನ್ನ ಭಾವನ ಹಳೆಯ ಲಾರಿಯ ಕೆಳಗೆ ಅಂಗಾತ ಮಲಗಿ ಬೆವರುತ್ತಿದ್ದ. ಎಂಜಿನ್ನಿನ ತಳದಲ್ಲಿ ಎಣ್ಣೆ ಹಿಡಿದಿಡುವ ತೊಟ್ಟಿ, ಗ್ಯಾರೇಜಿನ ಮಾತಿನಲ್ಲಿ ಚೇಂಬರ್, ಆರು ತಿಂಗಳಲ್ಲಿ ಮೂರನೆಯ ಸಲ ಸೋರುತ್ತಿತ್ತು. ಯಾಕೆ ಸೋರುತ್ತಿದೆಯೆಂದು ಲೋಕದಲ್ಲಿ ಒಬ್ಬನಿಗೇ ಗೊತ್ತಿತ್ತು. ಅವನು ಬಾಯಿ ಮುಚ್ಚಿಕೊಂಡು ಕೆಳಗೆ ಮಲಗಿದ್ದ.

ನಡೆದದ್ದು ಇಷ್ಟೇ. ಆರು ತಿಂಗಳ ಹಿಂದೆ ಚೇಂಬರಿನ ಅಂಚಿನಲ್ಲಿ ಎಣ್ಣೆ ಸೋರದಂತೆ ಇಡುವ ಪ್ಯಾಕಿಂಗ್ ಬದಲಿಸುವಾಗ ಮೇಸ್ತ್ರಿ ಇಪ್ಪತ್ತೆರಡು ಬೋಲ್ಟನ್ನೂ ಕೈಯಳತೆಯಲ್ಲೇ ಬಿಗಿದ. ಮೂಲೆಯ ಬೋಲ್ಟಿಗೆ ಬಂದಾಗ ಇನ್ನೊಂಚೂರು ಇರಲಿ ಎಂದು ಎಳೆದ. ಅದು ಟಪ್ಪೆಂದು ಮುರಿದು, ಮೈಯೆಲ್ಲ ಎಂಜಿನ್ನಿನೊಳಗೆ ಉಳಿದು, ತಲೆ ಮಾತ್ರ ಕೈಗೆ ಬಂತು. ಆಚೆ ಭಾವ ಕಾಯುತ್ತಿದ್ದರು. ಮುರಿಯಿತೆಂದು ಹೇಳಿದ್ದರೆ ಎರಡು ತಾಸಿನ ಕೆಲಸ, ಒಂದು ನಗು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೈಯಳತೆಯ ಕೈಯಲ್ಲಿ ಬೋಲ್ಟು ಮುರಿಯುವುದುಂಟೇ? ಅವನು ಆ ತಲೆಗೆ ಗಮ್ ಹಚ್ಚಿ ಅದರ ಜಾಗದಲ್ಲೇ ಅಂಟಿಸಿಬಿಟ್ಟ. ಎಣಿಸಿದವರಿಗೆ ಇಪ್ಪತ್ತೆರಡು ಸರಿಯಾಗಿಯೇ ಸಿಗುತ್ತಿತ್ತು.

ಎರಡೇ ವಾರಕ್ಕೆ ಎಣ್ಣೆ ತೊಟ್ಟಿಕ್ಕಿತು. ಭಾವ ಬಂದು ಏನಾಯಿತೆಂದು ಕೇಳಿದಾಗ, ಚೇಂಬರಿನ ತಳದಲ್ಲಿದ್ದ ಒಂದು ತಗ್ಗು ಮೇಸ್ತ್ರಿಯ ಕಣ್ಣಿಗೆ ಬಿತ್ತು. "ಎಲ್ಲೋ ಕಲ್ಲಿಗೆ ಹೊಡೆಸಿದ್ದೀರಿ ಭಾವ, ನಿಮಗೇ ಗೊತ್ತಾಗಿಲ್ಲ" ಎಂದು ಅವರ ಮೇಲೆ ಗೂಬೆ ಕೂರಿಸಿದ. ಎರಡನೆಯ ಸಲವೂ ಹೊರಗಿನಿಂದ ಗಮ್ ಮೆತ್ತಿ, ಅದೇ ಮಾತು ಹೇಳಿ ಕಳಿಸಿದ.

ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದ ಮನುಷ್ಯ. ಬೇರೆ ಯಾರು ಹೇಳಿದ್ದರೂ ನಕ್ಕುಬಿಡುತ್ತಿದ್ದರು. ಹೆಂಡತಿಯ ತಮ್ಮ, ಅದರಲ್ಲೂ ಮೇಸ್ತ್ರಿ ಹೇಳಿದ್ದರಿಂದ ನಂಬಿದರು. ಆಮೇಲೆ ಅಕ್ಕ ಪ್ರತಿ ಟ್ರಿಪ್ಪಿಗೂ ಪಕ್ಕದ ಸೀಟಿನಲ್ಲಿ ಕೂತು ರಸ್ತೆ ಕಾಯತೊಡಗಿದಳು. "ಕಲ್ಲು, ಕಲ್ಲು! ಎಡಕ್ಕೆ ತಗೊಳ್ಳಿ!" ಲಾರಿ ಸ್ಟ್ಯಾಂಡಿನಲ್ಲಿ ಇದನ್ನು ಆಡಿಕೊಂಡು ನಗದವರಿರಲಿಲ್ಲ. ಕೊನೆಗೆ ಭಾವ ತಾವೇ ತೀರ್ಮಾನ ಮಾಡಿದರು: ಸೋಮವಾರದಿಂದ ಲಾರಿಗೆ ಬೇರೆ ಡ್ರೈವರ್.

"ಬೇರೆಯವರ ಕೈಗೆ ಕೊಡೋ ಗಾಡಿ. ಸೋರೋದನ್ನ ಕೊಡಬಾರದು" ಎಂದು ಈ ಸಲ ಚೇಂಬರ್ ಪೂರ್ತಿ ಇಳಿಸಲೇಬೇಕೆಂದು ಹಟ ಹಿಡಿದಿದ್ದರು. ತಾವೇ ಒಂದು ರಟ್ಟಿನ ಮೇಲೆ ಚೇಂಬರಿನ ಆಕಾರ ಬರೆದು, ಸುತ್ತ ಇಪ್ಪತ್ತೆರಡು ತೂತು ಚುಚ್ಚಿ ತಂದಿದ್ದರು. ಬಿಚ್ಚಿದ ಬೋಲ್ಟನ್ನು ಅದರದರ ತೂತಿನಲ್ಲೇ ನಿಲ್ಲಿಸಿದರೆ ಕಲಸಿಹೋಗುವುದಿಲ್ಲ. ಅಕ್ಕ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಇದನ್ನೂ ನೋಡಿಕೊಳ್ಳಬೇಕೇನೋ ಎಂಬಂತೆ ಇತ್ತಲೇ ನೋಡುತ್ತಿದ್ದಳು.

ಎಣ್ಣೆ ಬಸಿದಾಯಿತು. ಒಂದೊಂದೇ ಬೋಲ್ಟು ಬಿಚ್ಚಿ ಮೇಸ್ತ್ರಿ ಹೊರಗೆ ಚಾಚಿದ. ಭಾವ ರಟ್ಟಿಗೆ ಚುಚ್ಚುತ್ತಾ ಹೋದರು. ಮೂಲೆಗೆ ಬಂದಾಗ ಸ್ಪ್ಯಾನರ್ ಕೂಡ ಬೇಕಾಗಲಿಲ್ಲ, ಉಗುರಿನಿಂದ ಎಬ್ಬಿಸಿದರೆ ತಲೆ ಕಳಚಿ ಬಂತು. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಒಂದು ತೂತು ಖಾಲಿ ಇದೆಯಲ್ಲೋ" ಎಂದರು ಭಾವ.

"ಕೊಟ್ಟೆನಲ್ಲ ಭಾವ. ಅಲ್ಲೇ ಎಲ್ಲೋ ಬಿದ್ದಿರಬೇಕು ನೋಡಿ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಭಾವ ನೆಲಕ್ಕೆ ಮಂಡಿಯೂರಿದ್ದರು. ಒಂದು ಮಂಡಿ ಮಡಚಲು ಬಾರದ್ದು, ಅದನ್ನು ಪಕ್ಕಕ್ಕೆ ಚಾಚಿಕೊಂಡು, ಎಣ್ಣೆ ಜಿಡ್ಡಿನ ನೆಲವನ್ನು ಅಂಗೈಯಲ್ಲಿ ಸವರುತ್ತಾ ಹುಡುಕತೊಡಗಿದರು. ಟೈರಿನ ಹಿಂದೆ ನೋಡಿದರು. ಬಕೆಟ್ಟು ಸರಿಸಿ ನೋಡಿದರು. ಲಾರಿಯ ಕೆಳಗಿನಿಂದ ಮೇಸ್ತ್ರಿಗೆ ಕಾಣುತ್ತಿದ್ದದ್ದು ಆ ಕೈಗಳು ಮಾತ್ರ. ಚಿಕ್ಕಂದಿನಲ್ಲಿ ಅವನು ಸೈಕಲ್ ಕಲಿಯುವಾಗ ಬೀಳದಂತೆ ಹಿಂದೆ ಹಿಡಿದು ಓಡಿ ಬಂದಿದ್ದೂ ಅವೇ ಕೈಗಳು.

"ಸಿಗ್ತಾ ಇಲ್ಲ ಕಣೋ" ಎಂದರು ಭಾವ, ತಪ್ಪು ಮಾಡಿದವರ ದನಿಯಲ್ಲಿ. "ಕಣ್ಣೆದುರಿಗೆ ಇದ್ರೂ ನನಗೆ ಕಾಣಲ್ಲ ಈಗ. ಏ ಇವಳೇ, ನೀನು ಸ್ವಲ್ಪ ಬಂದು ನೋಡು."

ಮೇಸ್ತ್ರಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು. ಈ ನೆಲ ಬಾಯಿಬಿಡಬಾರದೇ ಎನ್ನಿಸಿತು. ತೆವಳಿಕೊಂಡು ಹೊರಗೆ ಬಂದು, ಜೇಬಿನಿಂದ ಬೋಲ್ಟಿನ ತಲೆ ತೆಗೆದು ಭಾವನ ಮುಂದೆ ಹಿಡಿದ.

"ಹುಡುಕಬೇಡಿ ಭಾವ. ಇಲ್ಲಿದೆ. ಬಿದ್ದಿರಲಿಲ್ಲ."

ಭಾವ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ತಲೆ ಇತ್ತು, ಮೈ ಇರಲಿಲ್ಲ. ಕೆಳಗೆ ಗಮ್ ಒಣಗಿ ಅಂಟಿತ್ತು. ಲಾರಿಯವರಿಗೆ ಅಷ್ಟು ಸಾಕು.

"ನಾನೇ ಮುರಿದೆ" ಎಂದ ಮೇಸ್ತ್ರಿ. "ಮೊದಲನೇ ಸಲವೇ. ಹೇಳೋಕೆ ಮುಖ ಬರ್ಲಿಲ್ಲ. ನೀವು ಯಾವ ಕಲ್ಲಿಗೂ ಹೊಡೆಸಿಲ್ಲ."

"ಮತ್ತೆ ಆ ತಗ್ಗು?"

"ಅದೂ ನಾನೇ. ಏಳು ವರ್ಷದ ಹಿಂದೆ ಜಾಕಿ ಇಡಬಾರದ ಕಡೆ ಇಟ್ಟಿದ್ದೆ."

ಭಾವ ಬೈಯಲಿಲ್ಲ. ಬೈದಿದ್ದರೆ ಮೇಸ್ತ್ರಿ ಬದುಕಿಕೊಳ್ಳುತ್ತಿದ್ದ. ಟೈರಿಗೆ ಕೈಕೊಟ್ಟು ಎದ್ದು ನಿಂತು, ಗೋಡೆಯ ಪೆಟ್ಟಿಗೆಯತ್ತ ಬೆರಳು ತೋರಿಸಿ, "ಆ ಸ್ಪ್ಯಾನರ್ ತೆಗಿ" ಎಂದಷ್ಟೇ ಹೇಳಿದರು.

ಮುರಿದ ತುಂಡನ್ನು ಕೊರೆದು ತೆಗೆದು ಹೊಸ ಥ್ರೆಡ್ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಬಿಗಿದು ಬಿಗಿದು ಬಾಗಿದ್ದ ಚೇಂಬರಿನ ಅಂಚನ್ನು ಮೇಸ್ತ್ರಿ ಕಬ್ಬಿಣದ ಹಲಗೆಯ ಮೇಲಿಟ್ಟು ಬಡಿದು ಸಮ ಮಾಡಿದ. ಹೊಸ ಪ್ಯಾಕಿಂಗ್ ಇಟ್ಟು, ನಡುವಿನಿಂದ ಶುರು ಮಾಡಿ ಆ ಕಡೆಗೊಂದು ಈ ಕಡೆಗೊಂದು ಬೋಲ್ಟು ಹಾಕಿದ. ಅಳತೆಯ ಸ್ಪ್ಯಾನರ್ ಪ್ರತಿ ಸಲ ಬಿಗಿ ಸಾಕೆಂದು ಟಕ್ಕೆಂದಾಗ ಕೈ ನಿಲ್ಲಿಸಿದ. ಎಷ್ಟು ಕಡಿಮೆ ಬಿಗಿಗೇ ಟಕ್ಕೆನ್ನುತ್ತದೆ ಎಂದು ತಿಳಿದು ಇನ್ನಷ್ಟು ಹುಳ್ಳಗಾದ. ಎಣ್ಣೆ ತುಂಬಿ ಎಂಜಿನ್ ಚಾಲೂ ಮಾಡಿ, ಕೆಳಗೆ ಹಾಸಿದ ಬಿಳಿ ಕಾಗದವನ್ನು ಅರ್ಧ ಗಂಟೆ ನೋಡುತ್ತಾ ಕೂತರು. ಒಂದು ಹನಿಯೂ ಬೀಳಲಿಲ್ಲ.

ಅಕ್ಕ ಎಂದಿನಂತೆ ಪಕ್ಕದ ಸೀಟಿಗೆ ಹತ್ತಲು ಹೋದಳು.

"ನೀನು ಇಲ್ಲೇ ಇರು. ಒಂದು ಸುತ್ತು ಹೋಗಿ ಬರ್ತೀನಿ" ಎಂದರು ಭಾವ. "ಸೋಮವಾರದ್ದು ಆಮೇಲೆ ನೋಡೋಣ."

ಅವಳು ಕೆಳಗೇ ನಿಂತಳು. ತಮ್ಮನ ಮುಖ ನೋಡದೆ ಹೇಳಿದಳು: "ನಿನ್ನ ಮಾತು ಕೇಳಿಕೊಂಡೇ ಅಲ್ವೇನೋ ನಾನು ಅವರ ಮುಖಕ್ಕೆ ಹೊಡೆದಂಗೆ, ನಿಮಗೆ ವಯಸ್ಸಾಯ್ತು ಅಂದಿದ್ದು."

ಮೇಸ್ತ್ರಿ ತಲೆ ತಗ್ಗಿಸಿ ಕೈಯ ಜಿಡ್ಡು ಒರೆಸುತ್ತಲೇ ಇದ್ದ.

ಲಾರಿ ನಿಧಾನವಾಗಿ ಗೇಟಿನವರೆಗೆ ಹೋಗಿ ಅಲ್ಲಿ ನಿಂತಿತು. ಮುಂದೆ ಸಪಾಟು ರಸ್ತೆ, ಒಂದು ಕಡ್ಡಿಯೂ ಬಿದ್ದಿರಲಿಲ್ಲ. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ನೆಲ ನೋಡುತ್ತಿದ್ದರು.

"ಏನೂ ಇಲ್ಲ ಭಾವ! ಹೋಗಿ!" ಎಂದು ಮೇಸ್ತ್ರಿ ಕೂಗಿದ.

ಅವರು ಕೈಯೆತ್ತಿ, ಕೇಳಿಸಿತು ಎಂದು ಸನ್ನೆ ಮಾಡಿದರು. ಆಮೇಲೆ ಬಾಗಿಲು ತೆರೆದು, ನೋಯುವ ಕಾಲನ್ನು ಮೊದಲು ಕೆಳಗಿಟ್ಟು ಇಳಿದು, ಲಾರಿಯ ಮುಂದೆ ಬಂದು ಖಾಲಿ ರಸ್ತೆಯನ್ನು ತಾವೇ ಬಗ್ಗಿ ನೋಡಿದರು.