ಅಡ್ಡಗಾಳಿಯಲ್ಲಿ ಸೋದರಮಾವ

ಮೂವತ್ತು ವರ್ಷ ದೊಡ್ಡ ದೊಡ್ಡ ವಿಮಾನ ಹಾರಿಸಿ, ಹದಿನೆಂಟು ಸಾವಿರ ಗಂಟೆ ಆಕಾಶದಲ್ಲಿ ಕಳೆದು, ಐವತ್ತೆಂಟಕ್ಕೆ ನಿವೃತ್ತನಾದ ಮನುಷ್ಯನಿಗೆ ಇಬ್ಬರು ಕೂರುವ ಪುಟಾಣಿ ವಿಮಾನ ಇಳಿಸಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನಾನೂ ನಂಬಿರಲಿಲ್ಲ. ಅದೇ ದೊಡ್ಡ ತಾಪತ್ರಯವಾಯಿತು.

ತೊಂಬತ್ತೆಂಟರ ಮೇ ತಿಂಗಳು. ಎಕ್ಕಂಬಿಯ ಆಚೆ ಬಯಲಿನಲ್ಲಿ ಯಾರೋ ಉತ್ಸಾಹಿಗಳು ಹಾರಾಟ ಕಲಿಸುವ ಕ್ಲಬ್ಬು ತೆರೆದಿದ್ದರು. ಒಂದು ರನ್‌ವೇ, ಒಂದು ತಗಡಿನ ಶೆಡ್ಡು, ಎರಡು ವಿಮಾನ, ರನ್‌ವೇಗೆ ನುಗ್ಗುವ ದನ ಓಡಿಸಲು ಕೆರಿಯನೆಂಬ ಆಳು. ಅಲ್ಲಿ ಶಿಕ್ಷಕನಾಗಬೇಕೆಂದು ನನ್ನ ಆಸೆ. ಮನೆಯಲ್ಲಿ ಕೂತು ಪೇಪರ್ ಓದುವುದು ನನ್ನ ಜಾಯಮಾನವಲ್ಲ. ಮತ್ತೆ ಹಾರಲು ಉಳಿದ ದಾರಿ ಇದೊಂದೇ. ಶುಕ್ರವಾರ ಪರೀಕ್ಷಕರು ಬರುವವರಿದ್ದರು. ಅದಕ್ಕೆ ಮೊದಲು ಕ್ಲಬ್ಬಿನ ಮುಖ್ಯ ಶಿಕ್ಷಕಿ ನನ್ನ ಜೊತೆ ಹಾರಿ, ಈತ ಅಡ್ಡಗಾಳಿಯಲ್ಲೂ ಇಳಿಸಬಲ್ಲ ಎಂದು ಬರೆದು ಸಹಿ ಹಾಕಬೇಕಿತ್ತು. ಅಜ್ಜಿಗೆ ಕೆಮ್ಮು ಕಲಿಸಬೇಕೆ ಎಂದು ನಕ್ಕಿದ್ದೆ.

ಮುಖ್ಯ ಶಿಕ್ಷಕಿ ಸಿದ್ದಾಪುರದ ನಮಿತಾ, ಇಪ್ಪತ್ತೇಳರ ಹುಡುಗಿ. ನಮ್ಮ ಮನೆಮಾತಿನ ಇಬ್ಬರು ಎದುರಾದರೆ ನೆಂಟಸ್ತಿಕೆ ಹುಡುಕದೆ ಮುಂದಿನ ಮಾತಿಲ್ಲ.

"ನಿಂಗಕ್ಕೆ ಯಾವೂರಾತು?" ಎಂದು ಕೇಳಿದಳು.

"ಭೈರುಂಬೆ ಬದಿ" ಎಂದೆ.

ಎರಡೇ ನಿಮಿಷದಲ್ಲಿ ಅವಳ ಅಮ್ಮ ನನ್ನ ಚಿಕ್ಕಮ್ಮನ ಮಗಳೆಂದು ಗೊತ್ತಾಯಿತು. "ಹಂಗಾರೆ ನಿಂಗ ಎಂಗೆ ಸೋದರಮಾವನೇಯ!" ಎಂದು ಕಣ್ಣರಳಿಸಿದಳು. ನನಗೂ ಖುಷಿಯೇ ಆಯಿತು. ಆಗಬಾರದಿತ್ತು.

ನಮ್ಮ ರನ್‌ವೇ ದಕ್ಷಿಣೋತ್ತರ, ಮಧ್ಯಾಹ್ನದ ಗಾಳಿ ಪಶ್ಚಿಮದ್ದು. ಉತ್ತರಕ್ಕೆ ಮುಖಮಾಡಿ ಇಳಿಯುವಾಗ ಗಾಳಿ ಎಡಗಡೆಯಿಂದ ತಳ್ಳುತ್ತದೆ. ಅದಕ್ಕೆ ವಿಮಾನದ ಮೂತಿಯನ್ನು ಗಾಳಿಯ ಕಡೆ ತಿರುಗಿಸಿಕೊಂಡೇ ಬರಬೇಕು. ನೆಲ ಹತ್ತಿರವಾದಾಗ ಬಲಗಾಲಿನ ಪೆಡಲ್ ಒತ್ತಿ ಮೂತಿ ನೆಟ್ಟಗೆ ಮಾಡಿ, ಎಡರೆಕ್ಕೆ ತಗ್ಗಿಸಿ, ಎಡಚಕ್ರ ಮೊದಲು ಊರಬೇಕು. ದೊಡ್ಡ ವಿಮಾನದಲ್ಲಿ ಕಾಲಿನ ಕೆಲಸದ ಬಹುಪಾಲನ್ನು ಯಂತ್ರವೇ ಮಾಡುತ್ತದೆ. ನನ್ನ ಕಾಲುಗಳು ಮೂವತ್ತು ವರ್ಷ ಕೂತು ಉಂಡಿದ್ದವು. ಅಲ್ಲಿ ನಾವು ಕೂರುವುದೂ ಮಹಡಿಯೆತ್ತರದಲ್ಲಿ, ನೆಲ ಮುಟ್ಟುವ ಮುನ್ನ ಮೂತಿ ಎತ್ತುವುದೂ ಆ ಎತ್ತರದ ಅಂದಾಜಿನಲ್ಲಿ. ಅದೇ ಅಭ್ಯಾಸದಲ್ಲಿ ಇಲ್ಲಿ ನೆಲ ಇನ್ನೂ ಎರಡಾಳು ಕೆಳಗಿರುವಾಗಲೇ ಮೂತಿ ಎತ್ತಿಬಿಟ್ಟೆ. ವಿಮಾನ ಗಾಳಿಯಲ್ಲೇ ನಿಂತು, ಓರೆಯಾಗಿ ಜಾರಿ, ದೊಪ್ಪೆಂದು ಬಿತ್ತು.

"ಅಡ್ಡಿಲ್ಲೆ ಮಾವ" ಎಂದಳು ನಮಿತಾ.

ಮೂರು ದಿನ ಎಂಟು ಸಲ ದೊಪ್ಪೆಂದು ಬಿದ್ದೆ. ಎಂಟು ಸಲವೂ ಅಡ್ಡಿಲ್ಲೆ. ಜಂಬದ ಕೋಳಿ ನಾನು, ವಿಮಾನವೇ ಹಳೆಯದು ಎಂದುಕೊಂಡೆ. ಬುಧವಾರ ಸಂಜೆ ಕೆರಿಯ ತಲೆ ಕೆರೆಯುತ್ತ ಬಂದ. "ಒಡ್ಯಾ, ಅಮ್ಮಾರು ಇಳಿಸಿದ್ರೆ ಸದ್ದೇ ಆಗೂದಿಲ್ಲ. ನೀವು ಇಳಿಸಿದ್ರೆ ನಮ್ಮ ದನ ಎಲ್ಲ ಓಡ್ತವಲ, ಎಂತಕ್ಕೆ?"

ಸಿಟ್ಟು ನೆತ್ತಿಗೇರಿತು. ಶೆಡ್ಡಿಗೆ ಹೋಗಿ ನನ್ನ ಕಡತ ತೆರೆದೆ. ಅವಳ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ಕಾಲು ಬಳಸುವುದಿಲ್ಲ. ನೆಲದ ಅಂದಾಜಿಲ್ಲ. ಇವರ ಕೈಗೆ ವಿದ್ಯಾರ್ಥಿಗಳನ್ನು ಕೊಡಲಾಗದು. ಸಹಿ ಹಾಕಲಾರೆ.

ಕಡತ ಹಿಡಿದೇ ಕುರ್ಚಿಯ ಮೇಲೆ ಕೂತೆ. ನಮಿತಾ ಬಾಗಿಲಲ್ಲಿ ನಿಂತಿದ್ದಳು.

"ಎಂತಕ್ಕೆ ಬಾಯಿಬಿಟ್ಟು ಹೇಳಿದ್ದಿಲ್ಲೆ ಕೂಸೆ?"

"ಮಾವಂಗೆ ತಪ್ಪು ಹೇಳದು ಹ್ಯಾಂಗೆ? ಅಮ್ಮಂಗೆ ಗೊತ್ತಾದ್ರೆ ಎನ್ನ ಸುಮ್ನೆ ಬಿಡ್ತಿಲ್ಲೆ." ಅವಳ ಕಣ್ಣು ತುಂಬಿತ್ತು.

ಬೈದು ಏನು ಫಲ? ನನ್ನ ತಂಗಿ ಮಗಳನ್ನು ಬೆಳೆಸಿದ್ದೇ ಹಾಗೆ. ನಾನಾದರೂ ಹಾಗೇ ಬೆಳೆಸುತ್ತಿದ್ದೆ. ಕಡತ ಮುಚ್ಚಿ ಹೇಳಿದೆ: "ನಾಳೆ ಒಂದೇ ದಿನ ಉಳದ್ದು. ವಿಮಾನದ ಬಾಗ್ಲು ಹಾಕಿದ್ಮೇಲೆ ಆನು ನಿನ್ನ ಮಾವ ಅಲ್ಲ. ಬರೀ ವಿಘ್ನೇಶ್ವರ. ಏಕವಚನದಲ್ಲೇ ಬೈಯಿ."

ಗುರುವಾರ ಗಾಳಿ ಜೋರಾಗಿತ್ತು. ಕೊನೆಯ ತಿರುವು ಮುಗಿಸಿ ಕೆಳಗಿಳಿಯುತ್ತ ಓರೆಗಣ್ಣಲ್ಲಿ ನೋಡಿದೆ: ನಮಿತಾಳ ತುಟಿ ಅಲುಗುತ್ತಿತ್ತು, ಸದ್ದು ಹೊರಡುತ್ತಿರಲಿಲ್ಲ. ರನ್‌ವೇ ಎದ್ದು ಬಂತು. ನನ್ನ ಕೈ ಮತ್ತೆ ಮೂತಿ ಎತ್ತಲು ಹೊರಟಿತು.

"ವಿಘ್ನೇಶ್ವರಾ! ಎತ್ತಡ! ಇನ್ನೂ ಕೆಳಗೆ! ಕಾಲು ಒತ್ತೋ, ಬಲಗಾಲು!"

ಕಾಲು ತಾನಾಗಿ ಒತ್ತಿತು, ಮೂತಿ ನೆಟ್ಟಗಾಯಿತು. "ಎಡಕ್ಕೆ ವಾಲ್ಸು!" ವಾಲಿಸಿದೆ. ಎಡಚಕ್ರ ನೆಲ ಮುಟ್ಟಿತು, ಆಮೇಲೆ ಬಲದ್ದು. ಬೆಣ್ಣೆಯಿಂದ ಕೂದಲು ತೆಗೆದಂತೆ ಇಳಿದಿದ್ದೆವು.

ನಮಿತಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. "ತಪ್ಪಾತು ಮಾವ. ಹೆಸರು ಹಿಡಿದು ಕೂಗಿಬಿಟ್ಟೆ."

ಮೂವತ್ತು ವರ್ಷದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಎಷ್ಟು ಹುಡುಗರು ಸಹಪೈಲಟ್ ಆಗಿ ಕೂತಿದ್ದರು! ಎಲ್ಲರಿಗೂ ನಾನು ಸರ್. ಇಳಿಯುವಾಗ ಕೆಲವರ ತುಟಿ ಹೀಗೇ ಅಲುಗುತ್ತಿದ್ದುದು ನೆನಪಾಯಿತು. ದೇವರ ಸ್ಮರಣೆ ಮಾಡುತ್ತಾರೆಂದು ತಿಳಿದಿದ್ದೆ. ಅವರು ನುಂಗಿಕೊಂಡ ಮಾತು ಏನಿತ್ತೋ! ಬೆನ್ನ ಹಿಂದೆ ನೂರಾರು ಜನರನ್ನು ಕೂರಿಸಿಕೊಂಡಿದ್ದೆ. ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಹೆದರಿಕೆಯಾಯಿತು.

"ಇನ್ನೊಂದ್ಸಲ ಹೋಪನ, ಇನ್ನೂ ಜೋರಾಗಿ ಬೈಯಿ" ಎಂದೆ.

ಬೈದಳು. ಮೂರನೆಯ ಸುತ್ತಿಗೆ "ಕಾಲು ಎಂತ ಬಾಡಿಗೆಗೆ ತಂದದ್ದಾ?" ಎಂದು ಕೇಳುವಷ್ಟು ಪಳಗಿದ್ದಳು. ಆರನೆಯದಕ್ಕೆ ಅವಳಿಗೆ ಬೈಯಲು ಏನೂ ಸಿಗಲಿಲ್ಲ. ಇಳಿದವಳೇ ಕಡತ ತರಿಸಿ ಸಹಿ ಹಾಕಿದಳು. ಮೊದಲ ಸಲ ಕ್ಯಾಪ್ಟನ್ ಆದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಶುಕ್ರವಾರ ಪರೀಕ್ಷೆ ಪಾಸಾಯಿತು. ವಾರ ಕಳೆದು ಮೊದಲ ಶಿಷ್ಯ ಬಂದ: ಯಲ್ಲಾಪುರದ ಉಲ್ಲಾಸ, ಬ್ಯಾಂಕ್ ನೌಕರ, ನಲವತ್ತರ ಗಟ್ಟಿ ಆಳು. ನನ್ನ ಸರ್ವಿಸ್ಸಿನ ಕಥೆ ಕೇಳಿ ಬಂದಿದ್ದ. ಕೈ ಮುಗಿದು, ವಿಮಾನದಲ್ಲಿ ಕೂತು, ಬೆಲ್ಟ್ ಬಿಗಿದುಕೊಂಡು, "ಎಂತ ಮಾಡ್ಬೇಕು ಸರ್?" ಎಂದ.

"ನನ್ನ ಹೆಸರು ಹೇಳಿ. ಗಟ್ಟಿಯಾಗಿ."

"ವಿಘ್ನೇಶ್ವರ... ಸರ್."

"ಸರ್ ಬೇಡ. ನಾನೇನೋ ತಪ್ಪು ಮಾಡ್ತಿದ್ದೇನೆ ಅಂದ್ಕೊಳ್ಳಿ. ಕೂಗಿ."

ಪಾಪ, ಬೆವರಿದ, ಕೆಮ್ಮಿದ, ಕಿಟಕಿಯಾಚೆ ನೋಡಿದ. ಹತ್ತು ನಿಮಿಷ ಹಿಡಿಯಿತು. ಅವನು ಕೂಗುವವರೆಗೆ ನಾನು ಎಂಜಿನ್ ಚಾಲೂ ಮಾಡಲಿಲ್ಲ.