ತಗಡಲ್ಲ, ಲೆಕ್ಕದ ಚಕ್ರ

ನಾನು ಅಂಗೈಯಗಲದ ಒಂದು ಲೆಕ್ಕದ ಚಕ್ರ. ಎರಡು ಅಲ್ಯೂಮಿನಿಯಂ ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಮೊಳೆ ಬಡಿದು, ಅಂಚಿನ ಸುತ್ತ ಅಂಕಿ ಕೆತ್ತಿದರು. ಅಷ್ಟೇ ನನ್ನ ಹುಟ್ಟು. ಮೇಲಿನ ಬಿಲ್ಲೆ ತಿರುಗಿಸಿದರೆ ಇಷ್ಟು ಮೈಲಿಗೆ ಎಷ್ಟು ಕಿಲೋಮೀಟರ್, ಅಷ್ಟು ದೂರ ಹಾರಲು ಎಷ್ಟು ಹೊತ್ತು ಎಂದು ಹೇಳುತ್ತೇನೆ. ಬ್ಯಾಟರಿ ಬೇಡ, ಸಿಗ್ನಲ್ ಬೇಡ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನಾನು ತುಳುಕುತ್ತೇನೆ, ಏನೀಗ?

ಮೊದಲ ಒಡೆಯರು ಕ್ಯಾಪ್ಟನ್ ಪೊನ್ನಪ್ಪ, ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದವರು. ನಿವೃತ್ತಿಯ ದಿನ ನನ್ನನ್ನು ಶಿಷ್ಯೆ ಫ್ಲೋರಿನ್ ಅವರ ಕೈಗಿಟ್ಟು, "ಯಾರು ಏನೇ ಹೇಳಲಿ, ಒಮ್ಮೆ ತಿರುಗಿಸಿ ನೋಡಮ್ಮ" ಅಂದರು. ಮುಂದೆ ಫ್ಲೋರಿನ್ ಮೇಡಂ ಕಲಬುರಗಿಯಲ್ಲಿ ರೋಗಿಗಳನ್ನು ಸಾಗಿಸುವ ಪುಟ್ಟ ವಿಮಾನದ ಪೈಲಟ್ ಆದರು. ಕಂಪ್ಯೂಟರ್ ಬಂದ ಮೇಲೆ ನಾನು ಅವರ ಚೀಲದ ತಳ ಸೇರಿದೆ, ಬಾಚಣಿಗೆಯ ಪಕ್ಕ. ಅವಮಾನವಾಯಿತು. ಸುಳ್ಳೇಕೆ ಹೇಳಲಿ?

ಒಂದು ಬೆಳಿಗ್ಗೆ ಗೌರಾಬಾಯಿ ಎಂಬಾಕೆಯನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಿತ್ತು. ಆಕೆಯ ಶ್ವಾಸಕೋಶ ಸೋತಿತ್ತು. ಆಕ್ಸಿಜನ್ ನಿಂತರೆ ಜೀವವೂ ನಿಲ್ಲುತ್ತಿತ್ತು. ಜೊತೆಗೆ ಗಂಡ ಭೀಮಶಾ. ವಿಮಾನದಲ್ಲಿ ಒಂದೇ ಸಿಲಿಂಡರ್ ಕಂಡು ಮೇಡಂ ಸಿಟ್ಟಾದರು.

ವಿಮಾನ ಕಂಪನಿಯ ಮ್ಯಾನೇಜರ್ ರಾಚಯ್ಯ ಮೊಬೈಲ್ ತೋರಿಸಿದ. "ದೂರ ಎರಡ್ನೂರಾ ಎಂಬತ್ತೇಳು ಅಂತ ಇದ್ರಾಗೇ ಅದ ನೋಡ್ರಿ. ನಮ್ಮ ವಿಮಾನ ತಾಸಿಗೆ ಎರಡ್ನೂರಾ ಅರವತ್ತು ಕಿಲೋಮೀಟರ್ ಹೋಗ್ತದ. ತಾಸಿನ ಮ್ಯಾಲ ಸ್ವಲ್ಪ. ಈ ಸಿಲಿಂಡರಿನಾಗ ಒಂದೂವರೆ ತಾಸಿನ ಗಾಳಿ ಅದ, ಸಾಕು."

"ಅದು ಕಿಲೋಮೀಟರ್ ಅಲ್ಲ ಮಾರಾಯ್ರೆ, ವಿಮಾನದವರ ನಾಟಿಕಲ್ ಮೈಲಿ! ಒಂದು ಮೈಲಿ ಅಂದ್ರೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್!"

ಬಾಯಿಮಾತಿಗೆ ಅವನು ಬಗ್ಗಲಿಲ್ಲ. ಮೇಡಂ ನನ್ನನ್ನು ಹೊರಗೆಳೆದರು.

"ಆ ತಗಡು ಯಾಕ್ರೀ ಮೇಡಂ?" ಅಂದ ರಾಚಯ್ಯ.

ತಗಡಂತೆ! ನನಗೆ ಮೈಯೆಲ್ಲ ಉರಿಯಿತು. ಮೇಡಂ ನಾಟಿಕಲ್ ಮೈಲಿಯ ಗುರುತಿಗೆ ೨೮೭ ತಂದರು. ಕಿಲೋಮೀಟರಿನ ಗುರುತಿನಲ್ಲಿ ನಾನು ೫೩೨ ತೋರಿಸಿದೆ. ಮತ್ತೆ ತಿರುಗಿಸಿ ವೇಗ ಹೊಂದಿಸಿದರು. ಎರಡು ಗಂಟೆ ಮೂರು ನಿಮಿಷ ಅಂದೆ. ರಾಚಯ್ಯ ಮೊಬೈಲ್ ಜೇಬಿಗಿಟ್ಟು ಹೊರಗೋಡಿದ.

ಇನ್ನೊಂದು ಸಿಲಿಂಡರ್ ಬಂತು, ಆದರೆ ವಿಮಾನಕ್ಕೆ ಭಾರ ಹೆಚ್ಚಾಯಿತು. ಭೀಮಶಾ ನನ್ನನ್ನೇ ನೋಡುತ್ತಿದ್ದ. "ಇದು ಖರೇ ಹೇಳ್ತದೇನ್ರೀ?"

"ಹೌದು, ಇದು ಸುಳ್ಳು ಹೇಳುದಿಲ್ಲ."

"ಹಂಗಾದ್ರ ನಾ ಇಳೀತೀನ್ರಿ. ನನ್ನ ಜಾಗಾದಾಗ ಆ ಸಿಲಿಂಡರ್ ಇಡ್ರಿ. ನಾ ಬಸ್ಸಿಗೆ ಬರ್ತೀನಿ."

ಹೆಂಡತಿಯ ಸೆರಗು ಸರಿಮಾಡಿ ಇಳಿದೇಬಿಟ್ಟ. ನನ್ನ ಮಾತೊಂದನ್ನೇ ನಂಬಿ ಇಳಿದ ಆ ಮನುಷ್ಯನನ್ನು ನಾನು ಮರೆಯಲಾರೆ.

ಎರಡು ಗಂಟೆ ಒಂಬತ್ತು ನಿಮಿಷಕ್ಕೆ ಮಂಗಳೂರು ಮುಟ್ಟಿದೆವು. ಆ ಆರು ನಿಮಿಷ ಎದುರುಗಾಳಿ ತಿಂದದ್ದು, ನನ್ನ ತಪ್ಪಲ್ಲ. ಮೊದಲ ಸಿಲಿಂಡರ್ ದಾರಿಯಲ್ಲೇ ಬರಿದಾಗಿತ್ತು. ಮರುದಿನ ಭೀಮಶಾ ಬಸ್ಸಿಳಿದು ಆಸ್ಪತ್ರೆಗೆ ಬಂದಾಗ ಗೌರಾಬಾಯಿಗೆ ಮಾತು ಬಂದಿತ್ತು. "ಇಷ್ಟೊತ್ತು ಎಲ್ಲಿ ಹೋಗಿದ್ರಿ?" ಅಂತ ಗದರಿಸಿದಳಂತೆ.

ಈಗ ನಾನು ಒಂದು ತರಬೇತಿ ಶಾಲೆಯ ಗಾಜಿನ ಕಪಾಟಿನಲ್ಲಿದ್ದೇನೆ. ಕೆಳಗೊಂದು ಚೀಟಿ: 'ಹಳೆಯ ಉಪಕರಣ, ಬಳಕೆಯಲ್ಲಿಲ್ಲ.' ಯಾರ್ರೀ ಬರೆದದ್ದು? ಮೇಡಂ ನನ್ನನ್ನು ಇಲ್ಲಿಡುವಾಗ ಆ ಬೆಳಗಿನ ಲೆಕ್ಕಕ್ಕೇ ತಿರುಗಿಸಿಟ್ಟಿದ್ದಾರೆ. ಬೀಗ ತೆಗೆದು ನೋಡಿ. ವಯಸ್ಸಾಗಿರುವುದು ನನಗೆ, ಮಂಗಳೂರು ಒಂದು ಮೈಲಿಯೂ ಹತ್ತಿರ ಬಂದಿಲ್ಲ.